ಕಿಬ್ಬೊಟ್ಟೆಯ ರಕ್ತನಾಳ ಉಬ್ಬುವುದು ಮತ್ತು ಎಂಡೊಮೆಟ್ರಿಯೋಸಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಹೆಣ್ಣುಮಕ್ಕಳು ತಪಾಸಣೆಗೆ ಬಂದಾಗ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ. ಔಷಧದ ಹೆಸರು, ಪ್ರಮಾಣ ಕೊಟ್ಟಿರುವುದು ನಿಮ್ಮ ಚೀಟಿಯಲ್ಲಿ ಬರೆದದ್ದು ಏನೆಂದು ನಿಮಗೆ ತಿಳಿಯಲಿ ಅಂತ. ತಾವೇ ಅಂಗಡಿಯಿಂದ ತಂದು ನುಂಗಬೇಡಿ.

## ಮೊದಲು ತಿಳಿಯಬೇಕಾದದ್ದು

ಡಾಕ್ಟರು ಚೀಟ್ಯಾಗ ‘ಪೆಲ್ವಿಕ್ ಕಂಜೆಶನ್’ ಅಂತ ಬರದಾರ. ಹಂಗಂದ್ರ ಏನ್ರಿ?

ಗರ್ಭಚೀಲ ಮತ್ತು ಅಂಡಾಶಯದ ಸುತ್ತಲಿನ ಅಭಿಧಮನಿಗಳು, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳಗಳು, ಹಿಗ್ಗಿ ಡೊಂಕಾಗಿ ಅಲ್ಲಿ ರಕ್ತ ನಿಲ್ಲುವುದು. ಜನ ಇದನ್ನು ‘ನರ ಉಬ್ಬ್ಯಾವ’ ಅನ್ನುತ್ತಾರೆ. ಕಾಲಿನಲ್ಲಿ ಆದರೆ ವೆರಿಕೋಸ್ ವೇನ್. ಕಿಬ್ಬೊಟ್ಟೆಯೊಳಗೆ ಆದರೆ ಇದು. ಮೇಲೇರಿದ ರಕ್ತ ಕೆಳಗೆ ಜಾರದಂತೆ ಅಂಡಾಶಯದ ಅಭಿಧಮನಿಯೊಳಗೆ ಕವಾಟಗಳಿರುತ್ತವೆ. ಬಾವಿ ಮೋಟರಿನ ಫುಟ್‌ವಾಲ್ವ್ ಕೆಟ್ಟರೆ ಪೈಪಿನೊಳಗಿನ ನೀರು ಹೇಗೆ ಮರಳಿ ಇಳಿದುಬಿಡುತ್ತದೋ, ಕವಾಟ ಕೆಟ್ಟಾಗ ರಕ್ತವೂ ಹಾಗೇ ಇಳಿಯುತ್ತದೆ. ಎಡಗಡೆ ಹೆಚ್ಚು ಕಾಣುವುದಕ್ಕೆ ಕಾರಣವಿದೆ: ಬಲ ಅಂಡಾಶಯದ ಅಭಿಧಮನಿ ಹೊಟ್ಟೆಯ ದೊಡ್ಡ ಅಭಿಧಮನಿಗೇ ಸೇರುತ್ತದೆ, ಎಡಗಡೆಯದು ಎಡ ಮೂತ್ರಪಿಂಡದ ಅಭಿಧಮನಿಗೆ ಹೋಗಿ ಸೇರುತ್ತದೆ.

ಬಸಿರಿನಲ್ಲಿ ಈ ನಾಳಗಳು ಬಹಳ ಹಿಗ್ಗುತ್ತವೆ. ಕೆಲವರಲ್ಲಿ ಹೆರಿಗೆಯಾದ ಮೇಲೂ ಮೊದಲಿನಂತಾಗುವುದಿಲ್ಲ. ಅದಕ್ಕೇ ಎರಡು ಮೂರು ಹೆರಿಗೆಯಾದವರಲ್ಲಿ ಇದು ಹೆಚ್ಚು. ಈಚಿನ ರಿಪೋರ್ಟುಗಳಲ್ಲಿ ‘ಪೆಲ್ವಿಕ್ ವೀನಸ್ ಡಿಸಾರ್ಡರ್’ ಅಂತಲೂ ಬರೆದಿರುತ್ತಾರೆ, ಹೊಸ ರೋಗವೆಂದು ಅಂಜಬೇಡಿ.

ಎಂಡೊಮೆಟ್ರಿಯೋಸಿಸ್ ಅಂದ್ರ ಗರ್ಭಚೀಲದಾಗ ಗಡ್ಡಿ ಅಂತನ?

ಅಲ್ಲ. ಗರ್ಭಚೀಲದ ಗಡ್ಡೆ ಎಂದರೆ ಫೈಬ್ರಾಯ್ಡ್, ಅದು ಬೇರೆ. ಗರ್ಭಚೀಲದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಚೀಲದ ಹೊರಗೆ, ಅಂಡಾಶಯದ ಮೇಲೆ, ಕರುಳು-ಮೂತ್ರಕೋಶದ ಹೊದಿಕೆಯ ಮೇಲೆ ಬೆಳೆಯುವುದು ಎಂಡೊಮೆಟ್ರಿಯೋಸಿಸ್. ಮುಟ್ಟಿನ ಹಾರ್ಮೋನಿಗೆ ಅದೂ ಮಣಿಯುತ್ತದೆ, ಉರಿಯೂತ ಎಬ್ಬಿಸುತ್ತದೆ, ಅಂಗಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಚೀಲವಾದರೆ ಅದನ್ನು ‘ಚಾಕೊಲೇಟ್ ಸಿಸ್ಟ್’ ಅನ್ನುತ್ತಾರೆ. ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು 10 ಶೇಕಡಾ ಮಂದಿಗೆ ಇದು ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಷ್ಟು ಸಾಮಾನ್ಯವಾಗಿದ್ದರೂ ಗುರುತು ಹಿಡಿಯಲು ವರ್ಷಗಳೇ ಹಿಡಿಯುತ್ತವೆ, ಏಕೆಂದರೆ ‘ಮುಟ್ಟಿನಾಗ ಎಲ್ಲಾರಿಗೂ ನೂಸತದ’ ಅಂತ ಮನೆಯವರೂ ಅನ್ನುತ್ತಾರೆ, ಎಷ್ಟೋ ಸಲ ಡಾಕ್ಟರರೂ ಅನ್ನುತ್ತಾರೆ.

ಎರಡರ ನೋವಿನಾಗ ಫರಕ್ ಹೆಂಗ ಗುರ್ತು ಹಿಡಿಯೋದು?

ನೋವು ಮುಟ್ಟಿನ ತಾರೀಖು ನೋಡಿ ಬರುತ್ತದೋ, ನೀವು ನಿಂತ ಹೊತ್ತು ನೋಡಿ ಬರುತ್ತದೋ, ಮೊದಲು ಅದನ್ನು ಗಮನಿಸಿ.

ರಕ್ತ ನಿಂತ ನೋವು ಭಾರದ ನೋವು. ‘ಕೆಳಗ ಏನೋ ಜಗ್ಗಿದಂಗ’ ಅಂತಲೇ ಬಹಳ ಮಂದಿ ಹೇಳುತ್ತಾರೆ. ಬೆಳಗ್ಗೆ ಏಳುವಾಗ ಕಡಿಮೆ, ಸಂಜೆಗೆ ಹೆಚ್ಚು. ಒಲೆ ಮುಂದೆ ನಿಂತು ರೊಟ್ಟಿ ಬಡಿದ ಮೇಲೆ, ಅಂಗಡಿಯ ಕೌಂಟರಿನಲ್ಲಿ ನಿಂತ ಮೇಲೆ, ಕೊಡ ಹೊತ್ತ ಮೇಲೆ ಏರುತ್ತದೆ; ಅಡ್ಡಾದರೆ ಅರ್ಧ-ಮುಕ್ಕಾಲು ತಾಸಿನಲ್ಲಿ ಇಳಿಯುತ್ತದೆ. ಗಂಡನ ಜೊತೆ ಕೂಡಿದ ನಂತರ ತಾಸುಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೆ ಮಂದ ನೋವು ಉಳಿಯುತ್ತದೆ. ಯೋನಿಯ ತುಟಿ, ತೊಡೆಯ ಹಿಂಭಾಗ, ಕುಂಡೆಯ ಮೇಲೆ ನೀಲಿ ನಾಳ ಎದ್ದಿದ್ದರೆ ಸಂಶಯ ಗಟ್ಟಿಯಾಗುತ್ತದೆ. ನಾಚಿಕೆಯಿಂದ ಇದನ್ನು ಹೇಳದೆ ಬರುವವರೇ ಹೆಚ್ಚು. ದಯವಿಟ್ಟು ಹೇಳಿ, ತೋರಿಸಿ.

ಎಂಡೊಮೆಟ್ರಿಯೋಸಿಸ್ ನೋವು ಮುಟ್ಟಿಗೆ ಒಂದೆರಡು ದಿನ ಮೊದಲೇ ಶುರುವಾಗಿ, ಕತ್ತರಿಸಿದಂತೆ, ಹಿಂಡಿದಂತೆ ಇರುತ್ತದೆ. ಮಲಗಿದರೆ ಹೋಗುವುದಿಲ್ಲ. ಕೂಡುವಾಗಲೇ ಒಳಗೆ ಆಳದಲ್ಲಿ ಚುಚ್ಚುತ್ತದೆ. ಮುಟ್ಟಿನ ದಿನಗಳಲ್ಲಿ ಸಂಡಾಸಕ್ಕೆ ಕೂತಾಗ, ಮೂತ್ರ ಮಾಡುವಾಗ ನೋವು, ಕೆಲವರಿಗೆ ಮಲದಲ್ಲಿ ರಕ್ತ.

ರಕ್ತನಾಳದ ನೋವೂ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಏರುತ್ತದೆ, ಹಳೆಯ ಎಂಡೊಮೆಟ್ರಿಯೋಸಿಸ್ ತಿಂಗಳಿಡೀ ನೋಯಿಸುತ್ತದೆ. ಹಾಗಾಗಿ ಲಕ್ಷಣ ನೋಡಿ ಯಾವ ದಿಕ್ಕಿಗೆ ಹುಡುಕಬೇಕು ಅನ್ನುವುದಷ್ಟೇ ಗೊತ್ತಾಗುತ್ತದೆ.

ಎರಡೂ ಒಬ್ಬಾಕಿಗೇ ಬರತಾವೇನು? ಒಂದರಿಂದ ಇನ್ನೊಂದು ಆಗತದೇನು?

ಒಬ್ಬಳಲ್ಲೇ ಎರಡೂ ಇರಬಹುದು, ಇರುತ್ತವೆ. ಒಂದರಿಂದ ಇನ್ನೊಂದು ಹುಟ್ಟುತ್ತದೆ ಎಂಬುದು ಸಾಬೀತಾಗಿಲ್ಲ.

ನಂಟು ಇರುವುದು ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನಿನ ಮೂಲಕ. ಅದು ಅಭಿಧಮನಿಯ ಗೋಡೆಯನ್ನು ಸಡಿಲ ಮಾಡಿ ಹಿಗ್ಗಿಸುತ್ತದೆ. ಎಂಡೊಮೆಟ್ರಿಯೋಸಿಸ್ ಅಂಗಾಂಶವನ್ನು ಬೆಳೆಸುವುದೂ ಅದೇ. ಎರಡೂ ಹೆರುವ ವಯಸ್ಸಿನಲ್ಲಿ ಕಾಡಿ, ಮುಟ್ಟು ನಿಂತ ಮೇಲೆ ಬಹಳ ಮಟ್ಟಿಗೆ ತಣ್ಣಗಾಗುವುದು ಇದರಿಂದಲೇ. ಜೊತೆಗೆ, ಒಂದೇ ಜಾಗದ ನರತಂತುಗಳು ವರ್ಷಗಟ್ಟಲೆ ನೋವು ಸಾಗಿಸಿದರೆ ಅವು ಸೂಕ್ಷ್ಮವಾಗಿ, ಸಣ್ಣ ಎಳೆತವನ್ನೂ ದೊಡ್ಡ ನೋವಾಗಿ ಮುಟ್ಟಿಸುತ್ತವೆ. ಒಂದು ಕಾಯಿಲೆ ಇದ್ದಾಕೆಗೆ ಇನ್ನೊಂದು ಹೆಚ್ಚು ನೋಯುವುದಕ್ಕೆ ಇದೂ ಒಂದು ಕಾರಣ.

1927ರಲ್ಲಿ ಅಮೆರಿಕದ ಡಾಕ್ಟರ್ ಜಾನ್ ಸ್ಯಾಂಪ್ಸನ್ ಮುಟ್ಟಿನ ರಕ್ತ ಗರ್ಭನಾಳಗಳ ಮೂಲಕ ಹೊಟ್ಟೆಯೊಳಗೆ ಹಿಂದಕ್ಕೆ ಹರಿದು ಎಂಡೊಮೆಟ್ರಿಯೋಸಿಸ್ ಆಗುತ್ತದೆಂದು ವಾದಿಸಿದ್ದರು. ಗರ್ಭಚೀಲದ ಅಂಗಾಂಶ ಅಭಿಧಮನಿಗಳ ದಾರಿ ಹಿಡಿದೂ ಹೊರಗೆ ಹೋಗಬಹುದು ಅಂದವರು ಸಹ ಅವರೇ. ಆದರೆ ರಕ್ತ ನಿಲ್ಲುವುದರಿಂದಲೇ ಈ ಕಾಯಿಲೆ ಬರುತ್ತದೆ ಅನ್ನಲು ಅಷ್ಟು ಸಾಲದು.

ನಿಮಗೆ ಇದರಿಂದ ಆಗಬೇಕಾದ ಉಪಯೋಗ ಇಷ್ಟು: ಒಂದು ಕಾಯಿಲೆ ಸಿಕ್ಕಿತೆಂದು ಇನ್ನೊಂದನ್ನು ಹುಡುಕುವುದು ಬಿಡಬಾರದು. ಎಂಡೊಮೆಟ್ರಿಯೋಸಿಸ್ ಆಪರೇಷನ್ ಚೆನ್ನಾಗಿ ಆಗಿ, ಮುಟ್ಟಿನ ನೋವು ಹೋಗಿ, ಸಂಜೆಯ ಭಾರ ಹಾಗೇ ಉಳಿದರೆ ‘ಮನಸ್ಸಿನ ನೋವು’ ಅಂತ ಕಳಿಸುವ ಮೊದಲು ರಕ್ತನಾಳ ನೋಡಲೇಬೇಕು.

ಮಗಳಿಗಿನ್ನೂ ಮದುವಿ ಆಗಿಲ್ಲ. ‘ಒಂದು ಕೂಸಾದ್ರ ಹೊಟ್ಟಿನೋವು ತಾನ ಹೋಗತದ’ ಅಂತಾರ. ಖರೇನ?

ಅಲ್ಲ. ಬಸಿರಿನಲ್ಲಿ ಮುಟ್ಟು ನಿಂತಾಗ ಎಂಡೊಮೆಟ್ರಿಯೋಸಿಸ್ ನೋವು ಕೆಲವರಿಗೆ ಇಳಿಯುತ್ತದೆ, ಮುಟ್ಟು ಮರಳಿದಾಗ ನೋವೂ ಮರಳುತ್ತದೆ. ರಕ್ತನಾಳದ ತೊಂದರೆಯಂತೂ ಬಸಿರಿನಿಂದ ಹೆಚ್ಚಾಗಬಹುದು. ನೋವಿಗೆ ಮದುವೆಯನ್ನು ಮದ್ದು ಮಾಡಿ ಹುಡುಗಿಯ ಬಾಳಿನ ನಿರ್ಧಾರ ಅವಸರಿಸಬೇಡಿ.

ಹೆರಿಗೆಯಾಗದ ಹುಡುಗಿಯಲ್ಲಿ ಎಂಡೊಮೆಟ್ರಿಯೋಸಿಸ್ ಸಂಭವ ಹೆಚ್ಚು. ಯೋನಿಯ ಮೂಲಕ ಮಾಡುವ ಟಿವಿಎಸ್ ಸ್ಕ್ಯಾನ್ ಅವಳಿಗೆ ಬೇಡವೆಂದರೆ ಮೂತ್ರ ತುಂಬಿಸಿಕೊಂಡು ಹೊಟ್ಟೆಯ ಮೇಲಿಂದ ಸ್ಕ್ಯಾನ್, ಸಾಲದಿದ್ದರೆ ಎಂಆರ್‌ಐ ಮಾಡಬಹುದು. ಶಾಲೆ-ಕಾಲೇಜು ತಪ್ಪಿಸುವಷ್ಟು ನೋವಿದ್ದರೆ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ಚಿಕಿತ್ಸೆ ಶುರುಮಾಡಬಹುದು.

ಯಾವಾಗ ತಡಾ ಮಾಡದ ದವಾಖಾನಿಗೆ ಹೋಗ್ಬೇಕು?

ಒಮ್ಮೆಲೇ ತಡೆಯಲಾರದ ನೋವು ಬಂದು ಬೆವರಿ ಬಿದ್ದರೆ, ಮುಟ್ಟು ತಪ್ಪಿದಾಗ ಹೊಟ್ಟೆನೋವು ಬಂದರೆ, ನೋವಿನ ಜೊತೆ ಚಳಿಜ್ವರ ಇದ್ದರೆ, ಒಂದೇ ಕಾಲು ಬಾತು ಏದುಸಿರು ಬಂದರೆ ಅಂದೇ ಹೋಗಿ. ಇವು ಗರ್ಭನಾಳದ ಬಸಿರು, ತಿರುಚಿದ ಅಂಡಾಶಯ, ಸೋಂಕು, ರಕ್ತ ಹೆಪ್ಪುಗಟ್ಟಿದ್ದರ ಸೂಚನೆ ಇರಬಹುದು. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೂ ವಾರದೊಳಗೆ ತೋರಿಸಿ.

## ತಪಾಸಣೆ

ಡಾಕ್ಟರ್ ಹತ್ರ ಹೋಗೂ ಮುಂದ ಏನೇನು ಬರಕೊಂಡು ಹೋಗ್ಬೇಕು?

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಎರಡು ಮುಟ್ಟಿನ ಚಕ್ರ ದಿನಾ ಬರೆಯಿರಿ. ನೋವಿಗೆ 0ಯಿಂದ 10ರವರೆಗೆ ಅಂಕ, ದಿನಕ್ಕೆ ಮೂರು ಹೊತ್ತು. ಹೀಗೆ:

‘ತಾರೀಖು 3, ಮುಟ್ಟಿನ 1ನೇ ದಿನ. ಬೆಳಗ್ಗೆ 8, ಮಧ್ಯಾಹ್ನ 8, ರಾತ್ರಿ 7. ಮಲಗಿದ್ರೂ 7. ಸಂಡಾಸಕ್ಕ ಕುಂತಾಗ ಚುಚ್ಚಿತು. ಗುಳಿಗಿ 2.’

‘ತಾರೀಖು 14, 12ನೇ ದಿನ. ಬೆಳಗ್ಗೆ 1, ಮಧ್ಯಾಹ್ನ 4, ರಾತ್ರಿ 7, ಎಡಕ್ಕ, ಭಾರ. ನಿಂತದ್ದು: ರೊಟ್ಟಿ 1 ತಾಸು, ಅಂಗಡಿ 5 ತಾಸು. ಮಲಗಿ ಅರ್ಧ ತಾಸಿಗೆ 3. ಗುಳಿಗಿ ಇಲ್ಲ.’

ಈ ಎರಡು ದಿನ ಒಂದೇ ವಹಿಯಲ್ಲಿ ಕಂಡರೆ ಎರಡೂ ಕಾಯಿಲೆ ಹುಡುಕಬೇಕೆಂದು ಡಾಕ್ಟರರಿಗೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಹೆರಿಗೆ ಎಷ್ಟು, ಸಿಸೇರಿಯನ್ ಆಗಿತ್ತೇ, ಕಾಲಿನ ನಾಳದ ತೊಂದರೆ ಇದೆಯೇ, ಹಿಂದೆ ಯಾವ ಹಾರ್ಮೋನ್ ಗುಳಿಗೆ ಎಷ್ಟು ತಿಂಗಳು ನುಂಗಿದ್ದಿರಿ ಎಂಬುದನ್ನೂ ಮುಂದಿನ ಪುಟದಲ್ಲಿ ಬರೆದಿಡಿ.

ಮೂರು ಸಲ ಸ್ಕ್ಯಾನ್ ಮಾಡ್ಸೀನಿ, ಎಲ್ಲಾ ನಾರ್ಮಲ್ ಅಂತಾರ. ನೋವು ಮಾತ್ರ ಹೋಗವಲ್ದು. ಯಾಕ?

ಸಾದಾ ಸ್ಕ್ಯಾನ್ ಗರ್ಭಚೀಲ, ಅಂಡಾಶಯದ ಆಕಾರ ನೋಡುತ್ತದೆ. ಹೊದಿಕೆಯ ಮೇಲಿನ ಸಣ್ಣ ಎಂಡೊಮೆಟ್ರಿಯೋಸಿಸ್ ಚುಕ್ಕೆಗಳು ಅದರಲ್ಲಿ ಕಾಣುವುದಿಲ್ಲ. ರಕ್ತನಾಳವಂತೂ ಕೇಳಿದರಷ್ಟೇ ನೋಡುತ್ತಾರೆ, ಅದೂ ನೀವು ಅಂಗಾತ ಮಲಗಿದಾಗ. ನಿಂತಾಗ ತುಂಬುವ ನಾಳ ಮಲಗಿದಾಗ ಖಾಲಿಯಾಗಿರುತ್ತದೆ.

ಹಾಗಾಗಿ ಚೀಟಿಯಲ್ಲಿ ‘ಪೆಲ್ವಿಕ್ ವೇನ್ ಡಾಪ್ಲರ್’, ಅಂದರೆ ಕಿಬ್ಬೊಟ್ಟೆಯ ನಾಳಗಳಲ್ಲಿ ರಕ್ತದ ಹರಿವು ನೋಡುವ ಸ್ಕ್ಯಾನ್, ಎಂದು ಬರೆಸಿಕೊಳ್ಳಿ. ಸಾಧ್ಯವಾದರೆ ಮಧ್ಯಾಹ್ನದ ಮೇಲೆ, ಓಡಾಡಿ ನೋವೆದ್ದ ಹೊತ್ತಿಗೆ ಹೋಗಿ. ತಲೆಯ ಕಡೆ ಎತ್ತರಿಸಿ ಅರೆ ಕೂತಂತೆ ಇಟ್ಟು, ಉಸಿರು ಬಿಗಿಹಿಡಿದು ಮುಕ್ಕಿರಿಸಲು ಹೇಳಿ ರಕ್ತ ಹಿಂದಕ್ಕೆ ಹರಿಯುತ್ತದೆಯೇ ಎಂದು ನೋಡಬೇಕು. ಎಂಡೊಮೆಟ್ರಿಯೋಸಿಸ್‌ಗೆ ಟಿವಿಎಸ್‌ನಲ್ಲಿ ಗರ್ಭಚೀಲ ಮತ್ತು ಕರುಳು ಒಂದರ ಮೇಲೊಂದು ಸರಾಗ ಜಾರುತ್ತವೆಯೇ ಎಂದು ತಳ್ಳಿ ನೋಡುತ್ತಾರೆ. ಜಾರದಿದ್ದರೆ ಒಳಗೆ ಅಂಟಿಕೊಂಡಿದೆ ಎಂದರ್ಥ.

ರಿಪೋರ್ಟಿನ್ಯಾಗ ‘ಎಡ ಓವೇರಿಯನ್ ವೇನ್ 7 ಮಿ.ಮೀ.’ ಅಂತ ಐತಿ. ಅಂಜೋ ವಿಷಯ ಏನು?

ಅಳತೆಯೊಂದರಿಂದ ರೋಗ ಹೇಳಲಾಗದು. ಡಾಪ್ಲರಿನಲ್ಲಿ 6 ಮಿ.ಮೀ. ದಾಟಿದರೆ ಅಗಲ ಅನ್ನುವುದು ರೂಢಿ. ಆದರೆ ಹೆರಿಗೆಯಾದ ಎಷ್ಟೋ ಹೆಂಗಸರಲ್ಲಿ ನಾಳ ಅಗಲವಿದ್ದೂ ಒಂದು ದಿನ ನೋವಿರುವುದಿಲ್ಲ. ಅಗಲದ ಜೊತೆ ರಕ್ತ ಹಿಂದಕ್ಕೆ ಹರಿಯುತ್ತಿದೆಯೇ, ಹರಿವು ಸೆಕೆಂಡಿಗೆ 3 ಸೆಂ.ಮೀ.ಗಿಂತ ನಿಧಾನವೇ, ಗರ್ಭಚೀಲದ ಗೋಡೆಯನ್ನು ದಾಟಿ ಎರಡೂ ಬದಿ ಕೂಡಿಸುವ ದಪ್ಪ ನಾಳಗಳಿವೆಯೇ ಎಂಬುದನ್ನು ನೋಡಬೇಕು. ಇವು ಇದ್ದು, ನೋವೂ 6 ತಿಂಗಳಿಗಿಂತ ಹಳೆಯದಾಗಿ, ನಿಂತರೆ ಏರಿ ಮಲಗಿದರೆ ಇಳಿಯುವಂಥದ್ದಾದರೆ ಮಾತ್ರ ರೋಗ. ನೋವೇ ಇಲ್ಲದಿದ್ದರೆ ಆ 7 ಮಿ.ಮೀ.ಗೆ ಚಿಕಿತ್ಸೆ ಬೇಡ.

ಸಿಎ-125 ಜಾಸ್ತಿ ಬಂದದ. ಕ್ಯಾನ್ಸರ್ ಏನ್ರಿ?

ಕ್ಯಾನ್ಸರೇ ಎಂದಲ್ಲ. ಇದು ರಕ್ತದಲ್ಲಿ ಅಳೆಯುವ ಒಂದು ಪ್ರೋಟೀನು; ಎಂಡೊಮೆಟ್ರಿಯೋಸಿಸ್, ಮುಟ್ಟು, ಸೋಂಕು, ಫೈಬ್ರಾಯ್ಡ್ ಯಾವುದರಲ್ಲೂ ಏರಬಹುದು. ಎಂಡೊಮೆಟ್ರಿಯೋಸಿಸ್ ಇದೆಯೋ ಇಲ್ಲವೋ ಎಂದು ಹೇಳಲೂ ಇದು ಆಗದು. ಸ್ಕ್ಯಾನಿನಲ್ಲಿ ಕಂಡದ್ದರ ಜೊತೆಗಿಟ್ಟು ಡಾಕ್ಟರು ನೋಡಬೇಕು.

ದುರ್ಬೀನು ಹಾಕಿ ನೋಡಿದ್ರು, ಏನೂ ಇಲ್ಲ ಅಂದ್ರು. ನರ ಉಬ್ಬಿದ್ದು ಅದ್ರಾಗ ಕಾಣಬೇಕಿತ್ತಲ್ಲ?

ಕಾಣದೇ ಇರುವ ಸಂಭವವೇ ಹೆಚ್ಚು. ಲ್ಯಾಪರೋಸ್ಕೋಪಿ ಮಾಡುವಾಗ ತಲೆ ಕೆಳಗೆ, ಸೊಂಟ ಮೇಲೆ ಮಾಡಿ ಮಲಗಿಸುತ್ತಾರೆ; ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಇಳಿಜಾರಿಗೆ ರಕ್ತ ಹೊರಟುಹೋಗುತ್ತದೆ, ಗಾಳಿಯ ಒತ್ತಡಕ್ಕೆ ನಾಳ ಚಪ್ಪಟೆಯಾಗುತ್ತದೆ. ಅದಕ್ಕೇ ದುರ್ಬೀನಿನಲ್ಲಿ ಎಂಡೊಮೆಟ್ರಿಯೋಸಿಸ್ ಇಲ್ಲವೆಂದು ಗೊತ್ತಾದರೆ ರಕ್ತನಾಳ ಸರಿಯಿದೆ ಎಂದಾಗುವುದಿಲ್ಲ. ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಎಶ್ರೆ ಸಂಸ್ಥೆಯ 2022ರ ಮಾರ್ಗಸೂಚಿ ಎಂಡೊಮೆಟ್ರಿಯೋಸಿಸ್ ಪತ್ತೆಗೂ ಎಲ್ಲರಿಗೂ ದುರ್ಬೀನು ಹಾಕಬೇಕಿಲ್ಲ ಅನ್ನುತ್ತದೆ: ಸ್ಕ್ಯಾನಿನಲ್ಲಿ ಕಾಣದೆ, ಗುಳಿಗೆಗೂ ಬಗ್ಗದಿದ್ದರೆ ಮಾತ್ರ.

## ಚಿಕಿತ್ಸೆ

ಗುಳಿಗಿಲೇ ಕಡಿಮಿ ಆಗತದೇನು?

ಬಹಳ ಮಂದಿಗೆ ನೋವು ಹತೋಟಿಗೆ ಬರುತ್ತದೆ. ಪ್ರೊಜೆಸ್ಟಿನ್ ಎಂಬ ಹಾರ್ಮೋನ್ ಗುಂಪಿನ ಗುಳಿಗೆಗಳು ಎರಡೂ ಕಾಯಿಲೆಗೆ ಬಳಕೆಯಲ್ಲಿವೆ. ಎಂಡೊಮೆಟ್ರಿಯೋಸಿಸ್‌ಗೆ ಡೈನೊಜೆಸ್ಟ್ 2 ಮಿ.ಗ್ರಾಂ. ದಿನಕ್ಕೊಂದು, ಒಂದೇ ಹೊತ್ತಿಗೆ, ಬಿಡದೆ. ರಕ್ತನಾಳದ ನೋವಿಗೆ ಮೆಡ್ರಾಕ್ಸಿಪ್ರೊಜೆಸ್ಟರಾನ್ ದಿನಕ್ಕೆ 30 ಮಿ.ಗ್ರಾಂ., ಸುಮಾರು 6 ತಿಂಗಳು ಕೊಟ್ಟು ನೋಡಿದ್ದಾರೆ; ಬಿಟ್ಟ ಮೇಲೆ ನೋವು ಮರಳುವುದುಂಟು. ಡಯಾಸ್ಮಿನ್-ಹೆಸ್ಪೆರಿಡಿನ್ 500 ಮಿ.ಗ್ರಾಂ. ದಿನಕ್ಕೆರಡು ಸಲ ನಾಳದ ಬಿಗಿ ಹೆಚ್ಚಿಸಲಿಕ್ಕೆ.

ಇಲ್ಲೊಂದು ಎಡವಟ್ಟು ಆಗುತ್ತದೆ. ಡೈನೊಜೆಸ್ಟ್‌ನಿಂದ ಆರಾಮಾಯಿತು ಅಂದಕೂಡಲೇ ‘ಹಾಗಾದರೆ ಎಂಡೊಮೆಟ್ರಿಯೋಸಿಸ್ಸೇ’ ಎಂದು ಫೈಲು ಮುಚ್ಚುತ್ತಾರೆ. ಪ್ರೊಜೆಸ್ಟಿನ್ ರಕ್ತನಾಳದ ನೋವನ್ನೂ ಇಳಿಸುತ್ತದೆ, ಹಾಗಾಗಿ ಗುಳಿಗೆ ಹಿಡಿಯಿತು ಅನ್ನುವುದರಿಂದ ಯಾವ ಕಾಯಿಲೆ ಎಂದು ತೀರ್ಮಾನವಾಗದು.

ಮೊದಲ ಮೂರು ತಿಂಗಳು ಹನಿ ಹನಿ ರಕ್ತ ಕಾಣುವುದು ಸಾಮಾನ್ಯ. ಇದಕ್ಕೆ ಅಂಜಿ ಎರಡನೇ ವಾರಕ್ಕೇ ಬಿಟ್ಟುಬಿಡುವುದೇ ಚಿಕಿತ್ಸೆ ಕೆಡಲು ದೊಡ್ಡ ಕಾರಣ. ಮನಸ್ಸು ಬಹಳ ಕುಗ್ಗಿದರೆ ಮಾತ್ರ ಕಾಯದೆ ಹೇಳಿ. ಈಸ್ಟ್ರೊಜೆನ್ ಇರುವ ಗುಳಿಗೆ, ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ, ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಮೈಗ್ರೇನ್ ಇದ್ದವರಿಗೆ ಸಲ್ಲದು.

ಎಂಬೊಲೈಸೇಷನ್ ಅಂದ್ರ ಹೆಂಗ ಮಾಡ್ತಾರ? ಹೊಟ್ಟಿ ಕೊಯ್ತಾರೇನು?

ಕೊಯ್ಯುವುದಿಲ್ಲ. ಉಬ್ಬಿದ ನಾಳವನ್ನು ಒಳಗಿನಿಂದಲೇ ಮುಚ್ಚುವ, 1993ರಿಂದ ಬಳಕೆಗೆ ಬಂದ ವಿಧಾನ ಇದು. ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್, ಅಂದರೆ ಎಕ್ಸ್‌ರೇ-ಸ್ಕ್ಯಾನ್ ನೋಡುತ್ತಲೇ ಚಿಕಿತ್ಸೆ ಮಾಡುವ ಡಾಕ್ಟರು, ಅದಕ್ಕೆಂದೇ ಇರುವ ಕ್ಯಾಥ್ ಲ್ಯಾಬ್ ಕೋಣೆಯಲ್ಲಿ ಮಾಡುತ್ತಾರೆ. ಮೊದಲು ಬಸಿರಿಲ್ಲವೆಂದು ಮೂತ್ರ ಪರೀಕ್ಷೆ, ನಾಳ ಎಕ್ಸ್‌ರೇಯಲ್ಲಿ ಕಾಣಲು ಬಿಡುವ ಡೈ ಔಷಧಕ್ಕಾಗಿ ಮೂತ್ರಪಿಂಡ ನೋಡುವ ಕ್ರಿಯಾಟಿನಿನ್ ಪರೀಕ್ಷೆ. ಕುತ್ತಿಗೆಯ ಅಥವಾ ತೊಡೆಸಂದಿಯ ಜಾಗ ಮರಗಟ್ಟಿಸಿ, ಅಲ್ಲಿನ ಅಭಿಧಮನಿಯಿಂದ ತೆಳು ನಳಿಕೆಯನ್ನು ಎಕ್ಸ್‌ರೇ ನೋಡುತ್ತ ಅಂಡಾಶಯದ ನಾಳಕ್ಕೆ ಒಯ್ಯುತ್ತಾರೆ. ಡೈ ಬಿಟ್ಟು ರಕ್ತ ಹಿಂದಕ್ಕೆ ಹರಿಯುವುದನ್ನು ಕಣ್ಣಾರೆ ಕಂಡ ಮೇಲೆ ಆ ನಾಳಕ್ಕೆ ಲೋಹದ ಸಣ್ಣ ಸುರುಳಿಗಳನ್ನು ಇಳಿಸುತ್ತಾರೆ, ಕೆಳಗಿನ ಜಾಲಕ್ಕೆ ನಾಳ ಮುಚ್ಚುವ ನೊರೆ ಔಷಧ ಬಿಡುತ್ತಾರೆ. ಸುಮಾರು ಒಂದೆರಡು ತಾಸಿನ ಕೆಲಸ. ಅದೇ ದಿನ ಅಥವಾ ಮರುದಿನ ಮನೆಗೆ.

ಮೊದಲ ಕೆಲವು ದಿನ ಕಿಬ್ಬೊಟ್ಟೆ ನೋವು, ಮೈ ಬೆಚ್ಚಗಾಗುವುದು ಇರುತ್ತದೆ. ಒಂದು ವಾರ ಕೊಡ, ಚೀಲ ಎತ್ತಬೇಡಿ. ಆರಾಮು ತಿಳಿಯಲು ಮೂರು ತಿಂಗಳವರೆಗೂ ಹಿಡಿಯಬಹುದು, ಹದಿನೈದು ದಿನಕ್ಕೇ ‘ಹಿಡಿಯಲಿಲ್ಲ’ ಅನ್ನಬೇಡಿ. ಕೆಡುವುದು ಹೀಗೆ: ಮುಚ್ಚಿದ ನಾಳ ಮತ್ತೆ ತೆರೆಯಬಹುದು, ಪಕ್ಕದ ನಾಳ ಉಳಿದಿರಬಹುದು, ಅಪರೂಪಕ್ಕೆ ಸುರುಳಿ ಜಾರಿ ಶ್ವಾಸಕೋಶದ ಕಡೆ ಹೋಗಬಹುದು. ನಿಕ್ಕಲ್ ಒಡವೆಯಿಂದ ಮೈ ಕೆರೆಯುವವರಿದ್ದರೆ ಮೊದಲೇ ಹೇಳಿ.

ಎರಡೂ ಇದ್ರ ಮೊದಲ ಯಾವುದಕ್ಕ ಔಷಧ ಮಾಡ್ಸಬೇಕು?

ವಹಿಯಲ್ಲಿ ಯಾವ ನೋವು ನಿಮ್ಮ ದಿನಗಳನ್ನು ಹೆಚ್ಚು ತಿನ್ನುತ್ತಿದೆಯೋ ಅದಕ್ಕೆ. ನಮ್ಮ ಅಭಿಪ್ರಾಯ: ಎರಡಕ್ಕೂ ಸಲ್ಲುವ ಪ್ರೊಜೆಸ್ಟಿನ್‌ನಿಂದ ಶುರುಮಾಡಿ 3ರಿಂದ 6 ತಿಂಗಳು ಅಂಕ ಬರೆಯುತ್ತ ಹೋಗುವುದು ಲೇಸು. ಆದರೆ ದೊಡ್ಡ ಚಾಕೊಲೇಟ್ ಸಿಸ್ಟ್, ಕರುಳು ಅಥವಾ ಮೂತ್ರನಾಳಕ್ಕೆ ತಗುಲಿದ ಆಳದ ಎಂಡೊಮೆಟ್ರಿಯೋಸಿಸ್ ಇದ್ದರೆ ಅದರ ಆಪರೇಷನ್ ಮುಂದು. ಮೂತ್ರನಾಳ ಸದ್ದಿಲ್ಲದೆ ಮುಚ್ಚಿ ಮೂತ್ರಪಿಂಡ ಹಾಳಾಗಬಹುದು, ಅಲ್ಲಿ ಕಾಯಲಾಗದು. ಆಪರೇಷನ್, ಎಂಬೊಲೈಸೇಷನ್ ಎರಡೂ ಬೇಕೆಂದಾದರೆ ನಡುವೆ ಕೆಲವು ತಿಂಗಳು ಬಿಡಿ. ಇಲ್ಲದಿದ್ದರೆ ಯಾವುದರಿಂದ ಗುಣ ಬಂತು ಎಂದು ತಿಳಿಯುವುದೇ ಇಲ್ಲ.

ಮಕ್ಕಳಾಗಿ ಮುಗದಾವ. ಗರ್ಭಚೀಲ ತಗಸಿಬಿಟ್ರ ಎರಡೂ ಹೋಗತಾವಲ್ಲ?

ಹೋಗುತ್ತವೆ ಎಂಬ ಖಾತರಿ ಇಲ್ಲ. ರಕ್ತ ಹಿಂದಕ್ಕೆ ಹರಿಯುವುದು ಅಂಡಾಶಯದ ನಾಳದಲ್ಲಿ, ಅದು ಗರ್ಭಚೀಲ ತೆಗೆದರೂ ಅಲ್ಲೇ ಇರುತ್ತದೆ. ಎಂಡೊಮೆಟ್ರಿಯೋಸಿಸ್ ಇರುವುದೇ ಗರ್ಭಚೀಲದ ಹೊರಗೆ. ಆ ಗಾಯಗಳನ್ನು ತೆಗೆಯದೆ ಚೀಲ ಮಾತ್ರ ತೆಗೆದರೆ ನೋವು ಉಳಿಯಬಹುದು. ಅಂಡಾಶಯವನ್ನೂ ತೆಗೆದರೆ ಮುಟ್ಟು ಒಮ್ಮೆಲೇ ನಿಂತು, 45ರೊಳಗಿನವರಿಗೆ ಎಲುಬು ಸವೆಯುವ, ಹೃದಯದ ಕಾಯಿಲೆಯ ಅಪಾಯ ಏರುತ್ತದೆ.

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಭಾಗದ ತಾಂಡಾಗಳ ಹೆಣ್ಣುಮಕ್ಕಳು ಬೇಡದೆ ಗರ್ಭಚೀಲ ಕಳೆದುಕೊಂಡು ನ್ಯಾಯಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದನ್ನು ಈ ಸೀಮೆ ಕಂಡಿದೆ. ಚೀಲ ತೆಗೆಯಲೇಬೇಕಾದ ಸಂದರ್ಭಗಳಿವೆ, ಒಳಪದರದಂಥ ಅಂಗಾಂಶ ಗರ್ಭಚೀಲದ ಗೋಡೆಯೊಳಗೇ ಬೆಳೆಯುವ ಅಡಿನೊಮಯೋಸಿಸ್ ಅಂಥದ್ದೊಂದು. ಆದರೆ ಹೊಟ್ಟೆನೋವಿಗೆ ಮೊದಲ ಭೇಟಿಯಲ್ಲೇ ‘ತೆಗೆಸಿಬಿಡಿ’ ಅಂದರೆ ಕಾರಣ ಬರೆದುಕೊಡಿ ಎಂದು ಕೇಳಿ, ಇನ್ನೊಬ್ಬ ಡಾಕ್ಟರರಿಗೆ ತೋರಿಸದೆ ಸಹಿ ಹಾಕಬೇಡಿ.

ಇನ್ನೊಂದು ಕೂಸು ಬೇಕು. ಇವು ಅಡ್ಡಿ ಆಗತಾವೇನು?

ಎಂಡೊಮೆಟ್ರಿಯೋಸಿಸ್ ಆಗಬಹುದು, ಆದರೂ ಬಹಳ ಮಂದಿಗೆ ತಾನಾಗಿಯೇ ಬಸಿರು ನಿಲ್ಲುತ್ತದೆ. ಡೈನೊಜೆಸ್ಟ್ ನುಂಗುವಾಗ ಬಸಿರು ಸಾಮಾನ್ಯವಾಗಿ ನಿಲ್ಲದು, ಅದಕ್ಕೆ ಕೂಸು ಬೇಕೆಂಬುದನ್ನು ಮೊದಲ ದಿನವೇ ಹೇಳಿ. ಎಂಬೊಲೈಸೇಷನ್ ಆದವರೂ ಬಸಿರಾಗಿದ್ದಾರೆ. ಆದರೆ ಬಸಿರಿನಿಂದ ನಾಳ ಮತ್ತೆ ಹಿಗ್ಗಬಹುದಾದ್ದರಿಂದ ನೋವು ತಡೆಯುವಂತಿದ್ದರೆ ಹೆರಿಗೆ ಮುಗಿದ ಮೇಲೆ ಮಾಡಿಸುವುದು ಜಾಣತನ.

ಹೊಲ, ಮನಿ ಕೆಲಸ ಬಿಡಾಕ ಆಗಂಗಿಲ್ಲ. ಏನು ಮಾಡ್ಲಿ?

ಬಿಡಬೇಕಿಲ್ಲ, ನಿಲ್ಲುವುದನ್ನು ತುಂಡು ಮಾಡಿ. ಹತ್ತಿ ಬಿಡಿಸುವಾಗ, ಕಟ್ಟೆಯ ಮುಂದೆ ರೊಟ್ಟಿ ಮಾಡುವಾಗ 45 ನಿಮಿಷಕ್ಕೊಮ್ಮೆ 10 ನಿಮಿಷ ಕೂತು ಕಾಲು ಚಾಚಿ. ಮಧ್ಯಾಹ್ನ ಉಂಡ ಮೇಲೆ 20 ನಿಮಿಷ ಸೊಂಟದ ಕೆಳಗೆ ದಿಂಬಿಟ್ಟು ಮಲಗಿ. ಮಲ ಗಟ್ಟಿಯಾಗಿ ಮುಕ್ಕಿರಿಯುವುದು ಕಿಬ್ಬೊಟ್ಟೆಯ ನಾಳಕ್ಕೆ ಒತ್ತಡ: ನೀರು, ಸೊಪ್ಪು, ಹೆಸರುಕಾಳು, ಹಸಿ ಸೌತೆ-ಮೂಲಂಗಿ ಊಟದಲ್ಲಿರಲಿ. ಬಿಗಿ ಸ್ಟಾಕಿಂಗ್ಸ್ ಕಾಲಿಗೆ ಆರಾಮು ಕೊಡುತ್ತದೆ, ಒಳಗಿನ ನಾಳಕ್ಕೆ ಹೆಚ್ಚೇನೂ ಮಾಡದು.

ಖರ್ಚಿಗೆ ಸರ್ಕಾರಿ ಕಾರ್ಡು ನಡಿತದೇನು?

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆಗೆ, ಅಂದರೆ ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಅನ್ನುವ ವೈದ್ಯಕೀಯ ಕಾಲೇಜು, ಗದಗ-ಹಾವೇರಿಯವರಿಗೆ ಅಲ್ಲಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ರೇಷನ್ ಕಾರ್ಡು, ಆಧಾರ್ ಹಿಡಿದು ಹೋಗಿ. ಖಾಸಗಿಗೆ ಹೋಗಬೇಕಾದರೆ ಅಲ್ಲಿಂದ ರೆಫರಲ್ ಪತ್ರ ಬೇಕು. ನಿಮಗೆ ಬರೆದ ವಿಧಾನ ಪ್ಯಾಕೇಜಿನಲ್ಲಿದೆಯೇ ಎಂದು ಅಡ್ಮಿಟ್ ಆಗುವ ಮೊದಲೇ ಅಲ್ಲಿನ ಆರೋಗ್ಯಮಿತ್ರರನ್ನು, ಅಂದರೆ ಈ ಯೋಜನೆಗೆಂದು ಆಸ್ಪತ್ರೆಯಲ್ಲಿ ಇರುವ ಸಿಬ್ಬಂದಿಯನ್ನು, ಕೇಳಿ.

## ಇನ್ನಷ್ಟು ಆಳದ ಪ್ರಶ್ನೆಗಳು

‘ನಟ್‌ಕ್ರ್ಯಾಕರ್’, ‘ಮೇ-ಥರ್ನರ್’ ಅಂತ ಸಿಟಿ ರಿಪೋರ್ಟಿನ್ಯಾಗ ಬರದಾರ. ಇವು ಬ್ಯಾರೆ ರೋಗ ಏನು?

ರಕ್ತ ನಿಲ್ಲುವುದಕ್ಕೆ ಮೇಲೆಲ್ಲೋ ಇರುವ ಅಡಚಣೆ ಇವು. ಎಡ ಮೂತ್ರಪಿಂಡದ ಅಭಿಧಮನಿ ಎರಡು ಅಪಧಮನಿಗಳ, ಅಂದರೆ ಹೃದಯದಿಂದ ರಕ್ತ ತರುವ ನಾಳಗಳ, ನಡುವೆ ಸಿಕ್ಕಿ ಒತ್ತಿಕೊಂಡರೆ ನಟ್‌ಕ್ರ್ಯಾಕರ್. ಮೂತ್ರದಲ್ಲಿ ರಕ್ತ, ಎಡ ಪಕ್ಕೆಯ ನೋವು ಇದರ ಸುಳಿವು. ಎಡಗಾಲಿನಿಂದ ಬರುವ ದೊಡ್ಡ ಅಭಿಧಮನಿಯನ್ನು ಬಲಗಾಲಿನ ಕಡೆ ಹೋಗುವ ಇಲಿಯಾಕ್ ಅಪಧಮನಿ ಬೆನ್ನೆಲುಬಿಗೆ ಒತ್ತಿದರೆ ಮೇ-ಥರ್ನರ್, ಎಡಗಾಲು ಬಾಯುತ್ತದೆ. ಹೆರಿಗೆಯೇ ಆಗದ ಹುಡುಗಿಯಲ್ಲಿ ನಾಳ ಉಬ್ಬಿದ್ದರೆ ಇವನ್ನು ಹುಡುಕಲೇಬೇಕು.

ಎಂಬೊಲೈಸೇಷನ್‌ಗೆ ಮೊದಲು ಇದು ಗೊತ್ತಿರಬೇಕಾದ ಕಾರಣ: ಮೂತ್ರಪಿಂಡದ ರಕ್ತಕ್ಕೆ ದಾರಿ ಕಟ್ಟಿದಾಗ ಅದು ಅಂಡಾಶಯದ ನಾಳದಿಂದಲೇ ಇಳಿದು ಹೋಗುತ್ತಿರುತ್ತದೆ. ಆ ಒಂದು ದಾರಿಯನ್ನೂ ಮುಚ್ಚಿದರೆ ಮೂತ್ರಪಿಂಡದ ಒತ್ತಡ ಏರಿ ಪಕ್ಕೆನೋವು ಹೆಚ್ಚಾಗಬಹುದು.

ಕಾಲಿನ ನರಕ್ಕ ಲೇಸರ್ ಮಾಡ್ಸಿದ್ದೆ. ವರ್ಷದಾಗ ಮತ್ತ ಬಂದಾವ. ಯಾಕ?

ತೊಡೆಯ ಹಿಂಭಾಗ, ಒಳತೊಡೆಯ ಮೇಲ್ಭಾಗ, ಯೋನಿಯ ತುಟಿಯಿಂದ ಇಳಿದು ಬರುವ ನಾಳಗಳಾಗಿದ್ದರೆ ಅವುಗಳಿಗೆ ರಕ್ತ ತುಂಬುತ್ತಿರುವುದು ಕಿಬ್ಬೊಟ್ಟೆಯಿಂದ. ಮೇಲಿನ ಮೂಲ ನೋಡದೆ ಕಾಲಿಗಷ್ಟೇ ಲೇಸರ್ ಮಾಡಿದರೆ ಬೇರೆ ನಾಳ ಉಬ್ಬುತ್ತವೆ. ಎರಡನೇ ಲೇಸರಿಗೆ ಒಪ್ಪುವ ಮೊದಲು ಪೆಲ್ವಿಕ್ ಡಾಪ್ಲರ್ ಮಾಡಿಸಿ.

ಎಂಡೊಮೆಟ್ರಿಯೋಸಿಸ್ ಆಪರೇಷನ್ನೂ ಆತು, ಎಂಬೊಲೈಸೇಷನ್ನೂ ಆತು. ಇನ್ನೂ ಸ್ವಲ್ಪ ನೋವು ಉಳದದ. ಮುಂದೇನು?

ಮೊದಲು ಮತ್ತೊಮ್ಮೆ ಡಾಪ್ಲರ್ ಮಾಡಿಸಿ, ನಾಳ ಮುಚ್ಚಿಯೇ ಇದೆಯೇ, ಕಿಬ್ಬೊಟ್ಟೆಯೊಳಗಿನ ಇನ್ನೊಂದು ಅಭಿಧಮನಿಯಾದ ಒಳ ಇಲಿಯಾಕ್ ನಾಳದ ಕವಲಿನಿಂದ ರಕ್ತ ಬರುತ್ತಿದೆಯೇ ನೋಡಬೇಕು. ಅದು ಸರಿಯಿದ್ದರೆ ಬಹಳ ಸಲ ಸಿಗುವುದು ಸೊಂಟದ ತಳದ ಸ್ನಾಯುಗಳ ಬಿಗಿತ. ವರ್ಷಗಟ್ಟಲೆ ನೋವಿಗೆ ಹೆದರಿ ಬಿಗಿಹಿಡಿದ ಸ್ನಾಯು, ನೋವಿನ ಮೂಲ ಹೋದ ಮೇಲೂ ಸಡಿಲವಾಗುವುದನ್ನು ಮರೆತಿರುತ್ತದೆ. ಡಾಕ್ಟರು ಒಳಗೆ ಬೆರಳಿಟ್ಟು ಆ ಸ್ನಾಯು ಒತ್ತಿದರೆ ನಿಮ್ಮ ಅದೇ ನೋವು ಎದ್ದು ಬರುತ್ತದೆ. ಇದಕ್ಕೆ ಬಿಗಿ ಮಾಡುವ ಕೀಗಲ್ ವ್ಯಾಯಾಮ ಮಾಡಿದರೆ ನೋವು ಹೆಚ್ಚಾಗುತ್ತದೆ, ಸಡಿಲಿಸುವುದನ್ನು ಕಲಿಯಬೇಕು. ಅಂಗಾತ ಮಲಗಿ ಮಂಡಿ ಮಡಚಿ, ಮೂಗಿನಿಂದ ಹೊಟ್ಟೆ ಉಬ್ಬುವಂತೆ ಉಸಿರೆಳೆದು, ಬಿಡುವಾಗ ಕೆಳಭಾಗವನ್ನು ತಾನಾಗಿ ಇಳಿಯಬಿಡಿ. ಬೆಳಗ್ಗೆ-ರಾತ್ರಿ 5 ನಿಮಿಷ, ಮತ್ತು ಈ ಕೆಲಸ ಗೊತ್ತಿರುವ ಫಿಜಿಯೋಥೆರಪಿಸ್ಟ್ ಹತ್ತಿರ 8-10 ವಾರ. ಮೂತ್ರಕೋಶದ ನೋವು, ಹೊಟ್ಟೆನೋವಿನ ಜೊತೆ ಭೇದಿ ಅಥವಾ ಮಲಬದ್ಧತೆ ಕಾಡುವ ಕರುಳಿನ ಐಬಿಎಸ್ ತೊಂದರೆ ಜೊತೆಗಿದೆಯೇ ಎಂದೂ ನೋಡಿಸಿ. ವಹಿ ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ, ಮುಂದಿನ ಡಾಕ್ಟರರಿಗೆ ಬೇಕಾಗುವುದು ಅದೇ.